ಸೀರಿಯಲ್ ಡ್ರೈವರ್ ಕೆಲಸ: ಬಹುಮಟ್ಟಿಗೆ 16550 ಆಗಿರುವ ಒಂದು ಚಿಪ್

ಹಳೆಯ ಕರ್ನೆಲ್ ಜೊತೆ ಬಂದ ಒಂದು ಬೋರ್ಡ್‌ನ ಸೀರಿಯಲ್ ಪೋರ್ಟ್‌ಗಳನ್ನು ಹೊಸ ಲಿನಕ್ಸ್ ಕರ್ನೆಲ್‌ನಲ್ಲಿ ಓಡಿಸುತ್ತಿದ್ದೇನೆ. ಅವುಗಳ ಚಿಪ್ ಬಹುಮಟ್ಟಿಗೆ 16550, ಅಂದರೆ ಸೀರಿಯಲ್ ಪೋರ್ಟ್ ನಡೆಸುವ ಹಳೆಯ, ಎಲ್ಲೆಡೆ ಬಳಕೆಯ ಚಿಪ್‌ನಂತೆಯೇ ಇದೆ. ಬೋರ್ಡ್ ಈಗ ಲಾಗಿನ್ ಪ್ರಾಂಪ್ಟ್‌ವರೆಗೆ ಬರುತ್ತಿದೆ. ಕರ್ನೆಲ್ ಸಂದೇಶ ಕಾಣುವ ಪೋರ್ಟ್, ಅಂದರೆ ಕನ್ಸೋಲ್, ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಗಟ್ಟಿಯಾಗಿ ನಿಂತಿದೆ. ಎರಡನೇ ಪೋರ್ಟ್ 921600ರಲ್ಲಿ ಓಡುತ್ತಿದೆ. ಮೂರನೆಯದನ್ನು ಆರ್‌ಎಸ್-485ಕ್ಕೆ (ಒಂದೇ ತಂತಿ ಜೋಡಿಯಲ್ಲಿ ಸರದಿಯಂತೆ ಕಳಿಸುವ, ಸ್ವೀಕರಿಸುವ ಸಂಪರ್ಕ) ಹೊಂದಿಸುವ ಕೆಲಸ ಅರ್ಧ ಆಗಿದೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತೇನೆ. ಇಂಥದೇ ಬೋರ್ಡ್ ಹಿಡಿದು ಕೂತವರಿಗೆ ಸಹಾಯ ಆಗಬಹುದು.

ಚಿಪ್ ಜೊತೆ ಬಂದ ಹಳೆಯ ಕರ್ನೆಲ್‌ನಲ್ಲಿ ಇದಕ್ಕೇ ಅಂತ ಒಂದು ಡ್ರೈವರ್ ಇದೆ. ತೆರೆದು ನೋಡಿದರೆ ಅದು 16550 ಜಾತಿಯ ಚಿಪ್‌ಗಳಿಗೆ ಕರ್ನೆಲ್‌ನಲ್ಲೇ ಇರುವ 8250 ಡ್ರೈವರ್‌ನ ಪೂರ್ತಿ ನಕಲು. ಅಲ್ಲಲ್ಲಿ ಕೆಲವು ಸಾಲು ಮಾತ್ರ ಬೇರೆ. ಅದನ್ನು ಹಾಗೇ ಹೊಸ ಕರ್ನೆಲ್‌ಗೆ ತಂದು ಹಾಕಲು ಆಗುವುದಿಲ್ಲ. ಕರ್ನೆಲ್ 6.10ರಲ್ಲಿ ಸೀರಿಯಲ್ ಪೋರ್ಟ್‌ಗಳ ಟ್ರಾನ್ಸ್‌ಮಿಟ್ ಬಫರ್ ಹಳೆಯ ಸರ್ಕ್ಯುಲರ್ ಬಫರ್‌ನಿಂದ ಕೆಫೈಫೊಗೆ (ಕರ್ನೆಲ್‌ನ ಸಿದ್ಧ ಸರದಿ ಬಫರ್) ಬದಲಾಗಿದೆ, ನಕಲು ಮಾಡಿದ ಕೋಡ್ ಕಂಪೈಲ್ ಕೂಡ ಆಗುವುದಿಲ್ಲ. ಹಾಗಾಗಿ ಆ ನಕಲನ್ನು ಅದೇ ಹಳೆಯ ಆವೃತ್ತಿಯ ಮೂಲ 8250 ಫೈಲ್‌ಗಳ ಪಕ್ಕ ಇಟ್ಟು ಡಿಫ್ (ಸಾಲು ಸಾಲಾಗಿ ವ್ಯತ್ಯಾಸದ ಪಟ್ಟಿ) ತೆಗೆದೆ. ಉಳಿದದ್ದು ತುಂಬಾ ಕಡಿಮೆ. ರಿಜಿಸ್ಟರ್‌ಗಳು (ಡ್ರೈವರ್ ಓದಿ ಬರೆಯುವ ಚಿಪ್‌ನ ಪುಟ್ಟ ಖಾನೆಗಳು) 4 ಬೈಟ್ ಅಂತರದಲ್ಲಿವೆ. ಓದುವುದು, ಬರೆಯುವುದು ಎಲ್ಲ 32 ಬಿಟ್‌ನಲ್ಲೇ ಆಗಬೇಕು. ಇಂಟರಪ್ಟ್ (ಗಮನ ಕೊಡು ಅಂತ ಚಿಪ್ ಪ್ರೊಸೆಸರ್‌ಗೆ ಕೊಡುವ ಸೂಚನೆ) ಬಂದಾಗ ಹೆಚ್ಚುವರಿ ಸ್ಟೇಟಸ್ ರಿಜಿಸ್ಟರ್ ಒಂದನ್ನು ಓದಬೇಕು. ಈ ಮೂರೂ ಗುರುತು ಸೇರಿದರೆ ಅದು ಸಿನಾಪ್ಸಿಸ್ ಕಂಪನಿಯ ಡಿಸೈನ್‌ವೇರ್ ಯುಆರ್ಟ್ (ಯುಆರ್ಟ್ ಅಂದರೆ ಸೀರಿಯಲ್ ಪೋರ್ಟ್ ನಡೆಸುವ ಸರ್ಕ್ಯೂಟ್). ಅದಕ್ಕೆ ಮೇನ್‌ಲೈನ್‌ನಲ್ಲಿ, ಅಂದರೆ ಮುಖ್ಯ ಲಿನಕ್ಸ್ ಕರ್ನೆಲ್‌ನಲ್ಲಿ, ಡ್ರೈವರ್ ಆಗಲೇ ಇದೆ. ಹೊಸದಾಗಿ ಬರೆಯುವ ಮೊದಲು ಈ ಡಿಫ್ ತೆಗೆಯುವ ಕೆಲಸ ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಮೊದಲ ಎರಡು ವ್ಯತ್ಯಾಸಕ್ಕೆ ಕೋಡ್ ಬೇಕಿಲ್ಲ. ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನೆಲ್‌ಗೆ ಹೇಳುವ ಫೈಲ್ ಆದ ಡಿವೈಸ್ ಟ್ರೀಯಲ್ಲಿ ರೆಜ್-ಶಿಫ್ಟ್ 2, ರೆಜ್-ಐಒ-ವಿಡ್ತ್ 4 ಅಂತ ಬರೆದರೆ ಸಾಕು. ಡ್ರೈವರ್ ಶುರುವಾಗುವ ಮೊದಲೇ ಸಂದೇಶ ತೋರಿಸುವ ಅರ್ಲಿಕಾನ್ ಕೂಡಲೇ ಮಾತಾಡಿತು. ಆದರೆ ನಿಜವಾದ ಡ್ರೈವರ್ ಪೋರ್ಟ್ ವಹಿಸಿಕೊಂಡ ಕ್ಷಣದಿಂದ ಪರದೆ ತುಂಬಾ ಅರ್ಥವಿಲ್ಲದ ಅಕ್ಷರಗಳು.

ಇದಕ್ಕೆ ಕಾರಣ ಇದೆ. ಬಾಡ್ ರೇಟ್ (ಸೆಕೆಂಡಿಗೆ ಎಷ್ಟು ಬಿಟ್) ಕೊಡದಿದ್ದರೆ ಅರ್ಲಿಕಾನ್ ವೇಗದ ತಂಟೆಗೆ ಹೋಗುವುದಿಲ್ಲ. ಬೂಟ್‌ಲೋಡರ್ ಇಟ್ಟ ವೇಗದಲ್ಲೇ ಬರೆಯುತ್ತದೆ. ಡ್ರೈವರ್ ಮಾತ್ರ ತನಗೆ ಹೇಳಿದ ಕ್ಲಾಕ್ ನಂಬಿ ಡಿವೈಸರ್ (ಕ್ಲಾಕ್ ಅನ್ನು ಭಾಗಿಸಿ ವೇಗ ಕೊಡುವ ಸಂಖ್ಯೆ) ಹೊಸದಾಗಿ ಲೆಕ್ಕ ಹಾಕುತ್ತದೆ. ಲೆಕ್ಕ ಸರಳ: ಕ್ಲಾಕ್ ಭಾಗಿಸು 16, ಭಾಗಿಸು ಬಾಡ್ ರೇಟ್. ಬೋರ್ಡ್ ಜೊತೆ ಬಂದ ಡಿವೈಸ್ ಟ್ರೀ ಕ್ಲಾಕ್ 50 ಮೆಗಾಹರ್ಟ್ಸ್ ಅನ್ನುತ್ತಿತ್ತು. ಆ ಪ್ರಕಾರ ಡಿವೈಸರ್ 27. ಬೂಟ್‌ಲೋಡರ್ ಹಂತದಲ್ಲಿ ಜೆಟ್ಯಾಗ್‌ನಿಂದ (ಚಿಪ್ ಒಳಗೆ ಇಣುಕುವ ಡೀಬಗ್ ಸಂಪರ್ಕ) ಪ್ರೊಸೆಸರ್ ನಿಲ್ಲಿಸಿ, ಡಿವೈಸರ್ ಓದಲು ಬಿಡುವ ಡಿಎಲ್‌ಎಬಿ ಬಿಟ್ ಏರಿಸಿ ಓದಿದರೆ ಅಲ್ಲಿದ್ದದ್ದು 13. ಅಂದರೆ 13 × 16 × 115200, ಸುಮಾರು 24 ಮೆಗಾಹರ್ಟ್ಸ್. ತಂತಿಯ ಸಿಗ್ನಲ್ ಅಳೆಯುವ ಲಾಜಿಕ್ ಅನಲೈಸರ್ ಕೂಡ ಅದನ್ನೇ ಹೇಳಿತು. 8.68 ಮೈಕ್ರೊಸೆಕೆಂಡ್ ಇರಬೇಕಾದ ಬಿಟ್ 18 ಮೈಕ್ರೊಸೆಕೆಂಡ್ ಇತ್ತು. 24 ಮೆಗಾಹರ್ಟ್ಸ್ ಕ್ಲಾಕ್‌ಗೆ 27 ಹಾಕಿದರೆ ಬರುವುದೇ ಅಷ್ಟು. ಈಗ ಆ ಅಂಕಿ ತೆಗೆದು, ಕ್ಲಾಕ್ ಡ್ರೈವರ್‌ನಿಂದಲೇ ವೇಗ ಕೇಳುವಂತೆ ಡಿವೈಸ್ ಟ್ರೀ ತಿದ್ದಿದ್ದೇನೆ. ಕನ್ಸೋಲ್ ಸರಿಹೋಯಿತು.

ನನಗೆ ತುಂಬಾ ಇಷ್ಟವಾದದ್ದು ಮೂರನೇ ವ್ಯತ್ಯಾಸ. ಪೋರ್ಟ್ ಕೆಲಸದಲ್ಲಿರುವಾಗ ಲೈನ್ ಕಂಟ್ರೋಲ್ ರಿಜಿಸ್ಟರ್‌ಗೆ (ಡಿಎಲ್‌ಎಬಿ ಇರುವುದು ಇದರಲ್ಲೇ, ವೇಗ ಬದಲಿಸಲು ಇದಕ್ಕೆ ಬರೆಯಬೇಕು) ಬರೆದರೆ ಈ ಯುಆರ್ಟ್ ಅದನ್ನು ತೆಗೆದುಕೊಳ್ಳುವುದಿಲ್ಲ, ಬದಲಿಗೆ ‘ಬಿಜಿ’ ಅಂತ ಇಂಟರಪ್ಟ್ ಎಬ್ಬಿಸುತ್ತದೆ. ಇಂಟರಪ್ಟ್ ಗುರುತಿನ ರಿಜಿಸ್ಟರ್‌ನಲ್ಲಿ ಆಗ ಇರುವ ಬೆಲೆ 7. ಸಾದಾ 16550ರಲ್ಲಿ ಆ ರಿಜಿಸ್ಟರ್‌ನ ಕೊನೆಯ ಬಿಟ್ 1 ಇದ್ದರೆ ‘ಯಾವ ಇಂಟರಪ್ಟೂ ಬಾಕಿ ಇಲ್ಲ’ ಅಂತ ಅರ್ಥ. 7ರ ಕೊನೆಯ ಬಿಟ್ಟೂ 1, ಅಲ್ವಾ? ಹಾಗಾಗಿ ಸಾಮಾನ್ಯ 8250 ಡ್ರೈವರ್ ‘ಇದು ನನ್ನದಲ್ಲ’ ಅಂದು ವಾಪಸ್ ಹೋಗುತ್ತದೆ. ಇಂಟರಪ್ಟ್ ಲೈನ್ ಮಾತ್ರ ಏರಿಯೇ ಇರುತ್ತದೆ. ಮತ್ತೆ ಮತ್ತೆ ಅದೇ ನಡೆದು, ಕಡೆಗೆ ಕರ್ನೆಲ್ ‘ಈ ಇಂಟರಪ್ಟನ್ನು ಯಾರೂ ಕೇಳಲಿಲ್ಲ’ ಎಂದು ಸಾರಿ ಆ ಲೈನನ್ನೇ ಮುಚ್ಚುತ್ತದೆ. ಡೇಟಾ ಬರುತ್ತಿರುವಾಗಲೇ ಪೋರ್ಟ್‌ನ ವೇಗ ಬದಲಿಸಿದರೆ ಮಾತ್ರ ಕಾಣುವ ತೊಂದರೆ ಇದು. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಸುಮ್ನೆ ಇದ್ದು, ಆಮೇಲೆ ಕಾಡುವ ಜಾತಿ. ಡಿವೈಸ್ ಟ್ರೀಯಲ್ಲಿ ಸಾದಾ 16550ಎ ಬದಲು ಡಿಸೈನ್‌ವೇರ್ ಹೆಸರು ಕೊಟ್ಟರೆ ಡ್ರೈವರ್ ಆ 7ನ್ನು ಗುರುತಿಸಿ, ಯುಆರ್ಟ್ ಸ್ಟೇಟಸ್ ರಿಜಿಸ್ಟರ್ ಓದಿ ಲೈನ್ ಇಳಿಸುತ್ತದೆ.

ಇಂಥ ಕಡೆ ಡೀಬಗ್ ಮಾಡುವಾಗ ಒಂದು ಎಚ್ಚರಿಕೆ. ಪೋರ್ಟ್ ಲಾಕ್ (ಒಂದೇ ಸಲ ಇಬ್ಬರು ಪೋರ್ಟ್ ಮುಟ್ಟದಂತೆ ತಡೆಯುವ ಬೀಗ) ಹಿಡಿದಿರುವಾಗ, ಕನ್ಸೋಲ್‌ಗೆ ಸಂದೇಶ ಬರೆಯುವ ಪ್ರಿಂಟ್‌ಕೆ ಹಾಕಬಾರದು. ಅದೇ ಪೋರ್ಟ್ ಕನ್ಸೋಲ್ ಆಗಿದ್ದರೆ ಸಂದೇಶ ಬರೆಯಲು ಅದೇ ಲಾಕ್ ಬೇಕು. ಬೋರ್ಡ್ ಅಲ್ಲೇ ನಿಂತುಬಿಡುತ್ತದೆ. ಕನ್ಸೋಲ್ ಬದಲು ಮೆಮೊರಿಗೆ ಬರೆಯುವ ಟ್ರೇಸ್ ಪ್ರಿಂಟ್‌ಕೆ ಬಳಸಿ, ಆಮೇಲೆ ಟ್ರೇಸ್ ಬಫರ್ ಓದುವುದು ಒಳ್ಳೆಯದು.

921600ರ ಲೆಕ್ಕ ಬೇರೆ. 24 ಮೆಗಾಹರ್ಟ್ಸ್‌ನಿಂದ ಬರುವ ಡಿವೈಸರ್ 1.63. ಅದನ್ನು 2 ಮಾಡಿದರೆ ಸಿಗುವುದು 750000, ಶೇ 18ಕ್ಕೂ ಜಾಸ್ತಿ ತಪ್ಪು. ಎರಡೂ ತುದಿ ಸೇರಿ ಶೇ 2-3 ದಾಟಿದರೇ ಭರವಸೆ ಇಲ್ಲ. ಪುಣ್ಯಕ್ಕೆ ಈ ಚಿಪ್‌ನಲ್ಲಿ ಡಿವೈಸರ್‌ನ ಭಿನ್ನಾಂಶ ಇಡುವ ಡಿಎಲ್‌ಎಫ್ ರಿಜಿಸ್ಟರ್ ಇದೆ. ಡ್ರೈವರ್ ಶುರುವಿನಲ್ಲೇ ಅದಕ್ಕೆ ಎಲ್ಲ 1 ಬರೆದು, ಎಷ್ಟು ಬಿಟ್ ಉಳಿದವು ಅಂತ ವಾಪಸ್ ಓದಿ ಅಗಲ ತಿಳಿದುಕೊಳ್ಳುತ್ತದೆ. ಇಲ್ಲಿ 4 ಬಿಟ್. ಆಗ ಡಿವೈಸರ್ 1 ಮತ್ತು 10/16, ಅಂದರೆ 1.625. ವೇಗ ಸುಮಾರು 923077, ತಪ್ಪು ಬರೀ ಶೇ 0.16.

ವೇಗ ಬಂತು, ಜೊತೆಗೆ ಓವರ್‌ರನ್ (ಓದುವ ಮೊದಲೇ ಜಾಗ ತುಂಬಿ ಡೇಟಾ ಕಳೆದುಹೋಗುವುದು) ಕೂಡ. ಈ ವೇಗದಲ್ಲಿ ಒಂದು ಬೈಟ್‌ಗೆ 10.85 ಮೈಕ್ರೊಸೆಕೆಂಡ್. ಬಂದ ಬೈಟ್‌ಗಳು ಸರದಿಯಲ್ಲಿ ಕಾಯುವ 16 ಬೈಟ್‌ನ ಫೈಫೊದಲ್ಲಿ 8 ತುಂಬಿದಾಗ ಇಂಟರಪ್ಟ್ ಬಂದರೆ, ಉಳಿದ 8 ತುಂಬಲು 87 ಮೈಕ್ರೊಸೆಕೆಂಡ್ ಸಾಕು. ಅಷ್ಟರೊಳಗೆ ಓದದಿದ್ದರೆ ಡೇಟಾ ಹೋಯಿತು. ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ಸೆಟ್ಟಿಂಗ್‌ಗಳ ಫೈಲ್‌ಗಳು) ಟ್ರಿಗರ್, ಅಂದರೆ ಎಷ್ಟು ಬೈಟ್‌ಗೆ ಇಂಟರಪ್ಟ್ ಅನ್ನುವುದನ್ನು, 4ಕ್ಕೆ ಇಳಿಸಿದ ಮೇಲೆ ಓವರ್‌ರನ್ ಎಣಿಕೆ ಏರುವುದು ನಿಂತಿದೆ, ಆದರೆ ಇಂಟರಪ್ಟ್‌ಗಳು ದುಪ್ಪಟ್ಟು. ನನಗೆ ಇದು ತಾತ್ಕಾಲಿಕ ಏರ್ಪಾಡು. ಸರಿಯಾದ ಉತ್ತರ ಡಿಎಂಎ, ಅಂದರೆ ಪ್ರೊಸೆಸರ್ ಪ್ರತಿ ಬೈಟ್ ಓದದೆ ಡೇಟಾ ನೇರ ಮೆಮೊರಿಗೆ ಹೋಗುವ ವ್ಯವಸ್ಥೆ.

ಆರ್‌ಎಸ್-485 ಪೋರ್ಟ್‌ನಲ್ಲಿ ಕೊನೆಯ ಬೈಟ್ ತುಂಡಾಗದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ. ಕಳಿಸಿ ಮುಗಿದ ಮೇಲೇ ದಿಕ್ಕಿನ ಪಿನ್‌ನಿಂದ ಸ್ವೀಕರಿಸುವ ಕಡೆಗೆ ತಿರುಗಬೇಕು. ಇದಕ್ಕೆ ಲೈನ್ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಎರಡು ಬಿಟ್‌ಗಳಿವೆ. 5ನೇ ಬಿಟ್ ಏರಿದರೆ ಕಳಿಸುವ ಫೈಫೊ ಖಾಲಿ, ಆದರೆ ಕೊನೆಯ ಬೈಟ್ ಇನ್ನೂ ಬಿಟ್ ಬಿಟ್ ಆಗಿ ತಂತಿಗೆ ತಳ್ಳುವ ಶಿಫ್ಟ್ ರಿಜಿಸ್ಟರ್‌ನಲ್ಲಿ ಇರಬಹುದು. 6ನೆಯದು ಏರಿದ ಮೇಲೇ ತಂತಿಗೆ ಎಲ್ಲ ಹೋಗಿದೆ ಅಂತ ಅರ್ಥ. ದಿಕ್ಕಿನ ಪಿನ್ ಇಳಿಸಬೇಕಾದ್ದು ಆಗ. 9600ರಲ್ಲಿ ಈ ಎರಡರ ನಡುವೆ ಒಂದು ಮಿಲಿಸೆಕೆಂಡ್ ಅಂತರ ಇರಬಹುದು. 8250 ಡ್ರೈವರ್‌ನ ಆರ್‌ಎಸ್-485 ಭಾಗವಾದ ಇಎಂ485 ಇದನ್ನು ನೋಡಿಕೊಳ್ಳುತ್ತದೆ. ಅನಲೈಸರ್‌ನಲ್ಲಿ ಕಳಿಸುವ ಕಡೆ ಈಗ ಚೆನ್ನಾಗಿ ಕಾಣುತ್ತಿದೆ. ಬಾಕಿ ಇರುವುದು ತಿರುಗಿ ಬರುವ ಉತ್ತರದ ಮೊದಲ ಬೈಟ್. ಪಿನ್ ಇಳಿದ ತಕ್ಷಣ ಸ್ವೀಕರಿಸುವ ಲೈನ್ ಒಂದು ಕ್ಷಣ ಅಲುಗಾಡಿ, ಡ್ರೈವರ್‌ಗೆ ಸುಳ್ಳು ಸ್ಟಾರ್ಟ್ ಬಿಟ್ ಕಾಣುತ್ತಿದೆ. ಲೈನ್‌ಗೆ ಪುಲ್-ಅಪ್ (ಲೈನನ್ನು ಮೇಲಿನ ಮಟ್ಟದಲ್ಲೇ ಹಿಡಿದಿಡುವ ರೆಸಿಸ್ಟರ್) ಹಾಕಿ ನೋಡುತ್ತೇನೆ. ಅದು ಸರಿಹೋದ ಮೇಲೆ ಡಿಎಂಎ ಕೈಗೆತ್ತಿಕೊಳ್ಳುವುದು.