ನಾಟಿ ಟೊಮೆಟೊ ಬೀಜಕ್ಕೆ ದುಡ್ಡು ಕೊಡಬೇಕಾದ್ದು ಒಂದೇ ಸಲ

15 ಬೀಜಕ್ಕೆ 120 ರೂಪಾಯಿ. ಅಂದರೆ ಬೀಜಕ್ಕೆ 8 ರೂಪಾಯಿ. ಚೆರೋಕಿ ಪರ್ಪಲ್ ಅನ್ನುವ ಅಮೆರಿಕದ ಹಳೇ ತಳಿಯನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ. ದೊಡ್ಡಮ್ಮ ಪ್ಯಾಕೆಟ್ ಅಲ್ಲಾಡಿಸಿ ನೋಡಿದರು. "ಒಂದು ಟಮೋಟ ಹಿಂಡಿದ್ರೆ ಇದರ ಹತ್ತರಷ್ಟು ಬೀಜ ಬರುತ್ತಲ್ಲಮ್ಮಾ!" ಅಂದರು.

ನಿಜವೇ. ಆದರೆ ಯಾವ ಟೊಮೆಟೊ ಅನ್ನುವುದು ಮುಖ್ಯ. ನಮ್ಮ ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಕಣ್ಣು ಹಾಯಿಸಿದಷ್ಟೂ 15 ಕೆಜಿ ಬಾಕ್ಸುಗಳು. ಬಹುಪಾಲು ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಮಾಡಿದ್ದು. ಇಳುವರಿ ಜಾಸ್ತಿ, ಸಿಪ್ಪೆ ಗಟ್ಟಿ, ಲಾರಿಯಲ್ಲಿ ದೂರ ಹೋದರೂ ಒಡೆಯುವುದಿಲ್ಲ. ರೈತರಿಗೆ ಅದೇ ಬೇಕು, ತಪ್ಪೇನಿಲ್ಲ. ಮನೆ ತೋಟಕ್ಕೆ ಲಾರಿಯ ಲೆಕ್ಕ ಬೇಡ ಅಲ್ವಾ? ಬಸ್ಸಾರಿಗೆ, ಗೊಜ್ಜಿಗೆ ನನಗೆ ಬೇಕಾದ್ದು ಮೆತ್ತಗಿನ, ಹುಳಿಯಾದ ನಾಟಿ ಹಣ್ಣು.

ಹೈಬ್ರಿಡ್ ಹಣ್ಣಿನ ಬೀಜ ಹಾಕಿದರೂ ಗಿಡ ಬರುತ್ತದೆ. ಆದರೆ ಒಂದೊಂದು ಗಿಡ ಒಂದೊಂದು ತರ. ನಾಟಿ ತಳಿ ಹಾಗಲ್ಲ. ಟೊಮೆಟೊ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಗುಣ ಕೆಡುವುದು ಕಡಿಮೆ. ಬೀಜ ಹೈಬ್ರಿಡ್ಡೋ ಅಲ್ಲವೋ ಅನ್ನುವುದು ತಳಿ ಮಾಡಿದ ಸಂಸ್ಥೆಯ ಹೆಸರು ನೋಡಿ ಗೊತ್ತಾಗುವುದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರದೇ ಎರಡು ತಳಿ ನೋಡಿ: ಅರ್ಕಾ ರಕ್ಷಕ್ ಹೈಬ್ರಿಡ್, ಅರ್ಕಾ ವಿಕಾಸ್ ಅಲ್ಲ. ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದರೆ ಅದು ಹೈಬ್ರಿಡ್, ಬೀಜ ಉಳಿಸುವ ಆಸೆ ಬಿಡಿ.

ಬೀಜಕ್ಕೆ ಚೆಂದದ ಹಣ್ಣು ಹುಡುಕುವವರೇ ಜಾಸ್ತಿ. ದೊಡ್ಡಮ್ಮ ನೋಡುವುದು ಗಿಡವನ್ನು. ಎಲೆ ಮುದುರದ, ಕೊನೆವರೆಗೂ ಗಟ್ಟಿಯಾಗಿ ನಿಂತ ಗಿಡಕ್ಕೆ ಕೆಂಪು ದಾರ ಕಟ್ಟುತ್ತಾರೆ. ಆ ಗಿಡದ ಒಳ್ಳೇ ಹಣ್ಣು ಅಡುಗೆಮನೆಗೆ ಬರುವ ಹಾಗಿಲ್ಲ, ಪೂರ್ತಿ ಮಾಗುವವರೆಗೂ ಗಿಡದಲ್ಲೇ ಇರಬೇಕು. 2023ರ ಜುಲೈನಲ್ಲಿ ಇಲ್ಲಿ ಬಾಕ್ಸಿಗೆ 2000 ರೂಪಾಯಿ ದಾಟಿದಾಗಲೂ ಅವರು ಮುಟ್ಟಲು ಬಿಡಲಿಲ್ಲ. ಬೀಜ ಉಳಿಸುವುದಕ್ಕೆ ಇರುವ ನಿಜವಾದ ಖರ್ಚು ಅದೇ ಅಂತ ನನಗನ್ನಿಸುತ್ತದೆ.

ಆಮೇಲಿನದು ಸುಲಭ. ಹಣ್ಣು ಕುಯ್ದು, ಬೀಜವನ್ನು ಲೋಳೆ ಸಮೇತ ಲೋಟಕ್ಕೆ ಹಿಂಡಿ, ಸ್ವಲ್ಪ ನೀರು ಹಾಕಿ, ಬಟ್ಟೆ ಮುಚ್ಚಿ ಎರಡು ಮೂರು ದಿನ ಇಡಬೇಕು. ಬೀಜವನ್ನು ಮೊಳೆಯದಂತೆ ತಡೆಯುವುದು ಆ ಲೋಳೆಯೇ, ಅದು ಕರಗಿ ಬಿಡಲಿ ಅಂತ ಹೀಗಿಡುವುದು. ಮೇಲೆ ಬಿಳಿ ಕೆನೆ ಕಟ್ಟುತ್ತದೆ, ಕೆಟ್ಟ ವಾಸನೆ ಬರುತ್ತದೆ, ಹೆದರಬೇಡಿ. ಅದಕ್ಕಿಂತ ಜಾಸ್ತಿ ದಿನ ಬಿಟ್ಟರೆ ಲೋಟದಲ್ಲೇ ಮೊಳಕೆ ಬಂದುಬಿಡುತ್ತದೆ. ನೀರು ತುಂಬಿಸಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಬೀಜ ತಳ ಸೇರುತ್ತದೆ. ತಳದ್ದನ್ನು ಜರಡಿಯಲ್ಲಿ ತೊಳೆದು ಸ್ಟೀಲ್ ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಹಾಕಿದರೆ ಅಂಟಿಕೊಂಡು ಬಿಡುತ್ತದೆ. ಚೆನ್ನಾಗಿ ಒಣಗಿದ ಬೀಜ ತಿಳಿ ಬೂದು ಬಣ್ಣಕ್ಕೆ ಬರುತ್ತದೆ, ಬೆಳಕಿಗೆ ಹಿಡಿದರೆ ಮೈತುಂಬ ಸಣ್ಣ ನವಿರು ಕಾಣುತ್ತದೆ. ನನಗೆ ಅದನ್ನು ನೋಡುವುದೇ ಒಂದು ಖುಷಿ. ತೇವ ತಾಗದಂತೆ, ತಂಪಾದ ಜಾಗದಲ್ಲಿಟ್ಟರೆ ನಾಲ್ಕೈದು ವರ್ಷ ಆರಾಮಾಗಿ ಮೊಳೆಯುತ್ತದೆ.

ಬೀಜ ಹಂಚಿದರೆ ಕಾನೂನು ಬಿಡುತ್ತದಾ ಅಂತ ಪಕ್ಕದ ಮನೆಯವರು ಕೇಳಿದ್ದರು. ತಾನು ಬೆಳೆದ ಬೀಜವನ್ನು ಉಳಿಸಲು, ಬಿತ್ತಲು, ಹಂಚಲು, ಮಾರಲು ರೈತನಿಗೆ ಹಕ್ಕಿದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲೇ ಅದು ಬರೆದಿದೆ. ಆ ಕಾಯ್ದೆಯಡಿ ನೋಂದಾಯಿಸಿದ ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ. ಅವರಿಗೂ ಒಂದು ಕವರ್ ಕೊಟ್ಟೆ, ಮೇಲೆ ತಳಿಯ ಹೆಸರು, ವರ್ಷ ಬರೆದು. ಯಾವುದೋ ವರ್ಷ ನಮ್ಮ ಗಿಡ ರೋಗಕ್ಕೆ ಸತ್ತರೆ ಬೀಜಕ್ಕೆ ನಾನು ಅವರನ್ನೇ ಕೇಳಬೇಕಲ್ಲ.