ಕೋನವು ಸೊನ್ನೆಯನ್ನು ದಾಟುವಾಗ

ಮೋಟಾರಿನ ದಂಡದ ಕೋನವನ್ನು ಅಳೆಯುವ ಸೆನ್ಸರಿನ ಓದು 359 ಡಿಗ್ರಿಯಿಂದ 1 ಡಿಗ್ರಿಗೆ ಬಂದಾಗ ನೇರವಾಗಿ ಕಳೆದರೆ ಸಿಗುವುದು ಮೈನಸ್ 358, ಆದರೆ ದಂಡ ನಿಜವಾಗಿ ತಿರುಗಿರುವುದು 2 ಡಿಗ್ರಿ ಮಾತ್ರ. ಆ ವ್ಯತ್ಯಾಸಕ್ಕೆ 180 ಕೂಡಿಸಿ, 360ರಿಂದ ಭಾಗಿಸಿ, ಉಳಿದ ಶೇಷದಿಂದ ಮತ್ತೆ 180 ಕಳೆದರೆ ಲೆಕ್ಕ ಸರಿಹೋಗುತ್ತದೆ. ಆದರೆ ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಋಣಸಂಖ್ಯೆಯ ಶೇಷವೂ ಋಣವಾಗಿಯೇ ಬರುವುದರಿಂದ, ಅಂಥ ಶೇಷಕ್ಕೆ 360 ಸೇರಿಸಲು ಮರೆತರೆ ಅದೇ ಮೈನಸ್ 358 ಮತ್ತೆ ಎದುರಾಗುತ್ತದೆ. ಇಷ್ಟನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಆದರೆ ಎರಡು ಓದುಗಳ ನಡುವೆ ದಂಡವು ಅರ್ಧ ಸುತ್ತಿಗಿಂತ ಕಡಿಮೆ ತಿರುಗಿರಬೇಕೆಂಬ ಷರತ್ತಿನತ್ತ ಗಮನ ಹರಿಸುವವರು ಕಡಿಮೆಯೆಂದೇ ನನ್ನ ಅನಿಸಿಕೆ. ಸೆಕೆಂಡಿಗೆ 100 ಬಾರಿ ಓದುವಲ್ಲಿ, ಮೋಟಾರಿನ ವೇಗ ಸೆಕೆಂಡಿಗೆ 50 ಸುತ್ತನ್ನು ತುಸು ಮೀರಿದರೂ ಅದು ಹಿಮ್ಮುಖವಾಗಿ ತಿರುಗುತ್ತಿದೆಯೆಂದೇ ಸೂತ್ರವು ಹೇಳುತ್ತದೆ.