ರಿಬಲ್‌ಹೆಡ್: ರೈಲಿನಲ್ಲಿ ಕೂತರೆ ಸೇತುವೆ ಕಾಣುವುದಿಲ್ಲ

ಇಂಗ್ಲೆಂಡಿನ ಉತ್ತರದ ಯಾರ್ಕ್‌ಶೈರ್‌ನಲ್ಲಿ ರಿಬಲ್‌ಹೆಡ್ ಅಂತ ಹಳೇ ರೈಲು ಸೇತುವೆ ಇದೆ. ಅದನ್ನು ನೋಡಲು ಹೋಗಿ ಮೊದಲ ಸಲ ನಾವೇ ಬೇಸ್ತು ಬಿದ್ದೆವು. ಲೀಡ್ಸ್‌ನ ಮಗಳ ಮನೆಯಿಂದ ಹೊರಟು ಸೀದಾ ಆ ರೈಲು ಮಾರ್ಗದ ಕೊನೆಯ ಊರು ಕಾರ್ಲೈಲ್‌ಗೆ ಟಿಕೆಟ್ ತೆಗೆಸಿದೆವು. ರೈಲು ಸೇತುವೆ ದಾಟಿತು, ಕಿಟಕಿಯಲ್ಲಿ ಕಂಡಿದ್ದು ಬರೀ ಬಯಲು, ಕುರಿ. ಸೇತುವೆ ನಮ್ಮ ಕೆಳಗೇ ಇತ್ತಲ್ಲ! ಕಾರ್ಲೈಲ್ ಬಗ್ಗೆ ಹೇಳುವಂಥದ್ದೇನಿಲ್ಲ.

ಎರಡನೇ ಸಲ ರಿಬಲ್‌ಹೆಡ್ ಸ್ಟೇಷನ್ನಿನಲ್ಲೇ ಇಳಿದೆವು. ಹದಿನೈದು ನಿಮಿಷ ನಡೆದರೆ ಸೇತುವೆಯ ಬುಡ. 24 ಕಮಾನು, ಸುಮಾರು 400 ಮೀಟರ್ ಉದ್ದ, 32 ಮೀಟರ್ ಎತ್ತರ. ದೂರಕ್ಕೆ ಎಲ್ಲ ಕಂಬವೂ ಒಂದೇ ಥರ. ಹತ್ತಿರ ಹೋಗಿ ಎಣಿಸಿ, ಪ್ರತಿ ಆರನೆಯದು ಉಳಿದವಕ್ಕಿಂತ ದಪ್ಪ. ಕಮಾನುಗಳು ಒಂದನ್ನೊಂದು ಒತ್ತಿಕೊಂಡೇ ನಿಂತಿರುತ್ತವೆ. ಒಂದು ಬಿದ್ದರೆ ಪಕ್ಕದ್ದಕ್ಕೆ ಆಸರೆ ತಪ್ಪಿ, ಸಾಲಿಗೆ ಸಾಲೇ ಮಲಗಬಹುದು. ಆ ಕುಸಿತ ದಪ್ಪ ಕಂಬದ ಹತ್ತಿರ ನಿಲ್ಲಲಿ ಅಂತ ಈ ಉಪಾಯ. ಇನ್ನೊಂದು: ಕಂಬ ಸುಣ್ಣಕಲ್ಲಿನದು, ಆದರೆ ಕತ್ತೆತ್ತಿ ನೋಡಿದರೆ ಕಮಾನಿನ ಒಳಮೈ ಇಟ್ಟಿಗೆ. ಕಲ್ಲಿನ ಸೇತುವೆ ಅಂತ ಹೋಗಿ ಇಟ್ಟಿಗೆ ನೋಡಿ ನಕ್ಕೆ.

1870ರಿಂದ 1874ರವರೆಗೆ ಕಟ್ಟಿದ್ದು. ಕೆಲಸಗಾರರ ಗುಡಿಸಲು ಕೇರಿಗಳಿಗೆ ಜೆರಿಕೊ, ಸೆಬಾಸ್ಟೊಪೊಲ್ ಅಂತೆಲ್ಲ ಹೆಸರು. ಸಿಡುಬಿಗೆ, ಅಪಘಾತಕ್ಕೆ ಸತ್ತವರನ್ನು ಹತ್ತಿರದ ಚಾಪೆಲ್-ಲಿ-ಡೇಲ್ ಚರ್ಚಿನಲ್ಲಿ ಹೂಳಿದ್ದಾರೆ. 1980ರ ದಶಕದಲ್ಲಿ ರಿಪೇರಿ ಖರ್ಚು ಜಾಸ್ತಿ ಅಂತ ಈ ಮಾರ್ಗವನ್ನೇ ಮುಚ್ಚಲು ಹೊರಟಿದ್ದರು. ಜನ ಬಿಡಲಿಲ್ಲ, 1989ರಲ್ಲಿ ಉಳಿಯಿತು. ಭಾರ ಕಡಿಮೆ ಮಾಡಲು ಸೇತುವೆ ಮೇಲೆ ಈಗ ಒಂದೇ ಹಳಿ.

ಹತ್ತಿರದ ಊರು ಸೆಟ್ಲ್‌ನಲ್ಲಿ ರಾತ್ರಿ ಉಳಿದಿದ್ದು ದಂಡ. ರೂಮಿಗೆ 110 ಪೌಂಡ್, ಕಿಟಕಿ ತೆಗೆದರೆ ಪಕ್ಕದ ಗೋಡೆ, ಬೆಳಿಗ್ಗೆ ತಣ್ಣಗಿನ ಟೋಸ್ಟ್. ಲೀಡ್ಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಸುಮ್ನೆ ದುಡ್ಡು ಹಾಕಬೇಡಿ.

ಊಟಕ್ಕೆ ಮಾತ್ರ ರಸ್ತೆ ಬದಿಯ ಚಹಾ ವ್ಯಾನೇ ಸರಿ. ಬಿಸಿ ಬನ್ನಿನೊಳಗೆ ಹುರಿದ ಮೊಟ್ಟೆ, ಹಳದಿ ಅಂಗೈಗೆ ಇಳಿಯುತ್ತದೆ. ಹುರಿದ ಈರುಳ್ಳಿ ಬೇಕಾ ಅಂತ ಕೇಳುತ್ತಾರೆ, ಬೇಕು ಅನ್ನಿ. ಚಹಾ ದೊಡ್ಡ ಲೋಟದಲ್ಲಿ, ನಮ್ಮೂರಿನಷ್ಟೇ ಸ್ಟ್ರಾಂಗ್. ನಿಂತೇ ತಿನ್ನಬೇಕು, ಗಾಳಿಗೆ ಕಾಗದ ಹಾರುತ್ತದೆ. ವ್ಯಾನ್ ಎಲ್ಲ ದಿನ ಇರುತ್ತದೆಂದು ನಂಬಬೇಡಿ, ಚೀಲದಲ್ಲಿ ಚಪಾತಿ ಇರಲಿ. ಶನಿವಾರ ಬೆಟ್ಟ ಹತ್ತುವವರ ಜಾತ್ರೆ. ನನಗೆ ಜನಜಂಗುಳಿ ಆಗುವುದಿಲ್ಲ, ಹಾಗಾಗಿ ವಾರದ ದಿನವೇ ಹೋಗಿ ಅನ್ನುತ್ತೇನೆ. ರೈನ್‌ಕೋಟ್ ಮರೆಯಬೇಡಿ, ಛತ್ರಿ ಆ ಗಾಳಿಗೆ ಉಳಿಯುವುದಿಲ್ಲ.

ಒಂದು ರೈಲು ಹೋದರೆ ಮುಂದಿನದಕ್ಕೆ ಎರಡು ಗಂಟೆಯೂ ಕಾಯಬೇಕಾದೀತು. ನಾವು ವಾಪಸ್ ರೈಲನ್ನು ಬೇಕಂತಲೇ ಬಿಟ್ಟೆವು. ಅದು ಕಮಾನುಗಳ ಮೇಲೆ ಬೆಂಕಿಪೊಟ್ಟಣದ ಹಾಗೆ ಸಾಗುವುದನ್ನು ಕೆಳಗೆ ನಿಂತು ನೋಡುತ್ತಾ, ಇನ್ನೊಂದು ಬನ್ ತಿಂದೆವು.